ನಾಳೆ ಬಾಗಿಲು ತೆಗೀಬಹುದಾ?

(ಬಸವನಗುಡಿಯಲ್ಲಿ ಸಣ್ಣ ಹೋಟೆಲ್, ಟ್ರಾವೆಲ್ಸ್, ಹೋಮ್‌ಸ್ಟೇ ನಡೆಸುವವರು ಸೇರಿದ್ದಾಗ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಹೋಟೆಲ್ ನಡೆಸುವವನಲ್ಲ. ಹೋಟೆಲ್, ಬಾರ್, ಟ್ರಾವೆಲ್ಸ್ ನಡೆಸುವವರ ಲೆಕ್ಕ ಬರೆಯುವವನು. ಕೊರೊನಾ ಕಾಲದಲ್ಲಿ ಈ ವ್ಯಾಪಾರಗಳಿಗೆ ಏನಾಯಿತು ಅನ್ನೋದನ್ನು ನಾನು ನೋಡಿದ್ದು ಗಲ್ಲಾದ ಕಡೆಯಿಂದ. ಬಾಡಿಗೆ ರಸೀದಿ, ಕರೆಂಟ್ ಬಿಲ್, ಸಂಬಳದ ಪಟ್ಟಿ, ಅಡ್ವಾನ್ಸ್ ವಾಪಸ್ ಕೊಟ್ಟ ಚೀಟಿಗಳು. ಅವು ಸುಳ್ಳು ಹೇಳುವುದಿಲ್ಲ.

ಮುಚ್ಚಿ ಅಂದಾಗ ನೀವೆಲ್ಲ ಮುಚ್ಚಿದಿರಿ. ಜೀವದ ಪ್ರಶ್ನೆ, ಯಾರೂ ಎದುರಾಡಲಿಲ್ಲ. ಆದರೆ ಮತ್ತೆ ಯಾವಾಗ ತೆಗೆಯಬಹುದು, ತೆಗೆದರೆ ಮೇಜಿನ ಮೇಲೆ ಏನು ಇಡಬಹುದು, ಎಷ್ಟು ಗಂಟೆಗೆ ಗಿರಾಕಿಯನ್ನು ಎಬ್ಬಿಸಬೇಕು ಅನ್ನೋದು ಯಾರಿಗೂ ನೆಟ್ಟಗೆ ಗೊತ್ತಾಗುತ್ತಿರಲಿಲ್ಲ. ಮುಚ್ಚಿದ ದಿನದ ನಷ್ಟವನ್ನು ಲೆಕ್ಕ ಹಾಕಬಹುದು. ನಾಳೆ ಏನು ಅಂತ ತಿಳಿಯದೆ ಕಾದ ದಿನದ ನಷ್ಟ ಲೆಕ್ಕಕ್ಕೇ ಸಿಗುವುದಿಲ್ಲ. ಮದ್ಯ ಬಡಿಸುವ ಜಾಗವಾದರೆ ಈ ಗೊಂದಲ ಇನ್ನೂ ಜಾಸ್ತಿ. ಇವತ್ತು ಅದರ ಬಗ್ಗೆಯೇ ಮಾತಾಡುತ್ತೇನೆ.

2020ರ ಡಿಸೆಂಬರ್ ನೆನಪು ಮಾಡಿಕೊಳ್ಳಿ. ಬ್ರಿಟನ್‌ನಲ್ಲಿ ಹೊಸ ರೂಪಾಂತರಿ ವೈರಸ್ ಕಾಣಿಸಿಕೊಂಡಿದೆ ಅಂತ ಸುದ್ದಿ ಬಂದಿತ್ತು. ಡಿಸೆಂಬರ್ 23ರಂದು ನಮ್ಮಲ್ಲಿ ರಾತ್ರಿ ಕರ್ಫ್ಯೂ ಘೋಷಣೆಯಾಯಿತು. ಅವತ್ತಿನಿಂದಲೇ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ. ಅದೇ ದಿನ ಅದು ಬದಲಾಯಿತು. ಅವತ್ತಲ್ಲ, 24ರಿಂದ. ಹತ್ತಲ್ಲ, ರಾತ್ರಿ 11ರಿಂದ ಬೆಳಿಗ್ಗೆ 5. ಮರುದಿನ, ಕರ್ಫ್ಯೂ ಶುರುವಾಗೋಕೆ ಕೆಲವೇ ಗಂಟೆ ಇದೆ ಅನ್ನುವಾಗ, ಪೂರ್ತಿ ಆದೇಶವನ್ನೇ ವಾಪಸ್ ತೆಗೆದುಕೊಂಡರು.

ಕೋರಮಂಗಲದಲ್ಲಿ ನಾನು ಲೆಕ್ಕ ನೋಡುವ ಒಂದು ಬಾರ್ ಅಂಡ್ ರೆಸ್ಟೋರೆಂಟ್ ಇದೆ. ಅವರ ಬುಕಿಂಗ್ ಪುಸ್ತಕ ತಿಂಗಳ ಕೊನೆಗೆ ನನ್ನ ಕೈಗೆ ಬಂತು. ಕ್ರಿಸ್‌ಮಸ್ ಹಿಂದಿನ ರಾತ್ರಿಯ ಪುಟದಲ್ಲಿ ನೀಲಿ ಇಂಕಿನಲ್ಲಿ ಹೆಸರುಗಳು, ಪಕ್ಕದಲ್ಲಿ ಎಷ್ಟು ಜನ, ಎಷ್ಟು ಅಡ್ವಾನ್ಸ್. ಒಂಬತ್ತು ಗಂಟೆ ಮೇಲಿನ ಸಾಲುಗಳ ಮೇಲೆಲ್ಲ ಅಡ್ಡಗೆರೆ. ಕೆಲವಕ್ಕೆ ‘ದುಡ್ಡು ವಾಪಸ್’ ಅಂತ ಬರೆದಿದೆ. ಕೆಲವಕ್ಕೆ ಏಳೂವರೆ ಅಂತ ಹೊಸ ಸಮಯ. ಆ ಏಳೂವರೆಯ ಮೇಲೂ ಗೆರೆ. ಪುಟದ ಅಂಚಿನಲ್ಲಿ ಕೆಂಪು ಪೆನ್ನಿನಲ್ಲಿ ‘ಎಲ್ಲರಿಗೂ ಮತ್ತೆ ಫೋನ್’. ಕ್ಯಾಷಿಯರ್ ಹುಡುಗನ ಕೈಬರಹ ಪುಟದ ಮೇಲಿಂದ ಕೆಳಗೆ ಬರುವಷ್ಟರಲ್ಲಿ ಗುರುತೇ ಸಿಗದ ಹಾಗಾಗಿತ್ತು. ಕೋಳಿ, ಮೀನು ಮೊದಲೇ ಬಂದಿತ್ತು. ಆ ರಾತ್ರಿಗೆಂದು ಹೇಳಿಟ್ಟಿದ್ದ ಹೆಚ್ಚುವರಿ ಸಪ್ಲೈಯರ್‌ಗಳಿಗೆ ಬರಬೇಡಿ ಅಂದಿದ್ದರು. ಮತ್ತೆ ಬನ್ನಿ ಅನ್ನುವ ಹೊತ್ತಿಗೆ ಅರ್ಧ ಜನ ಊರಿನ ಬಸ್ ಹತ್ತಿಯಾಗಿತ್ತು. ಆ ಕರ್ಫ್ಯೂ ಒಂದು ರಾತ್ರಿಯೂ ಜಾರಿಯಾಗಲಿಲ್ಲ. ನಷ್ಟ ಮಾತ್ರ ಪೂರ್ತಿ ಆಯಿತು.

ಇನ್ನು ಮದ್ಯದ ವಿಷಯ. ನಾನು ಕುಡಿಯುವವನಲ್ಲ, ಕುಡಿತದ ಪರ ಮಾತಾಡಲೂ ಬಂದಿಲ್ಲ. ಕುಡಿತದಿಂದ ಹಾಳಾದ ಮನೆಗಳನ್ನು ನಾವೆಲ್ಲ ನೋಡಿದ್ದೇವೆ. ವೈನ್ ಶಾಪ್ ಬೇಡ ಅಂತ ಹಳ್ಳಿ ಹಳ್ಳಿಯಲ್ಲಿ ರಸ್ತೆಗಿಳಿದ ಹೆಣ್ಣುಮಕ್ಕಳ ಮೇಲೆ ನನಗೆ ಗೌರವ ಇದೆ. ಆದರೆ ಸರ್ಕಾರವೇ ಲೈಸೆನ್ಸ್ ಕೊಟ್ಟು, ಶುಲ್ಕ ಕಟ್ಟಿಸಿಕೊಂಡು, ನಡೆಸಿ ಅಂದ ವ್ಯಾಪಾರ ಇದು. ನಡೆಸುವವನಿಗೆ ನಿಯಮ ಏನು ಅಂತ ಗೊತ್ತಿರಬೇಕು, ಅಲ್ವಾ?

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯಲ್ಲೇ ಆಯಿತು. ಮಾರ್ಚ್ 14ರಿಂದ ಮಾಲ್, ಚಿತ್ರಮಂದಿರ, ಪಬ್ ಎಲ್ಲ ಬಂದ್. ಆಗ ಹೇಳಿದ್ದು ಒಂದು ವಾರ. ಆಮೇಲೆ ಮಾರ್ಚ್ 25ರಿಂದ ದೇಶವೇ ಲಾಕ್‌ಡೌನ್. ಬಾರ್, ಪಬ್‌ಗಳಲ್ಲಿ ಗಿರಾಕಿಯನ್ನು ಕೂರಿಸಿ ಮದ್ಯ ಬಡಿಸಲು ಮತ್ತೆ ಅನುಮತಿ ಸಿಕ್ಕಿದ್ದು ಸೆಪ್ಟೆಂಬರ್ 1ಕ್ಕೆ, ಅದೂ ಅರ್ಧ ಸೀಟಿಗೆ. ಒಂದು ವಾರ ಅಂದದ್ದು ಐದೂವರೆ ತಿಂಗಳಾಯಿತು. ಇದರಲ್ಲಿ ಯಾರ ತಪ್ಪೂ ಇಲ್ಲ, ರೋಗ ಹಾಗೆ ಇತ್ತು. ನಡುವೆ ಆದದ್ದನ್ನು ಮಾತ್ರ ಸ್ವಲ್ಪ ಗಮನಿಸಿ.

ಮೇ 4ಕ್ಕೆ ವೈನ್ ಶಾಪ್ ಮತ್ತು ಸರ್ಕಾರಿ ಸಂಸ್ಥೆ ಎಂಎಸ್‌ಐಎಲ್‌ನ ಮದ್ಯದ ಮಳಿಗೆಗಳು ತೆರೆದವು. ಮೊದಲ ದಿನ ರಾಜ್ಯದಲ್ಲಿ 45 ಕೋಟಿ ರೂಪಾಯಿ ವ್ಯಾಪಾರ, ಎರಡನೇ ದಿನ 197 ಕೋಟಿ. ಆ ಸಾಲುಗಳನ್ನು ಟಿವಿಯಲ್ಲಿ ನೋಡಿದ್ದು ನಿಮಗೆಲ್ಲ ನೆನಪಿರಬಹುದು. ಒಬ್ಬರಿಗೆ ದಿನಕ್ಕೆ 2.6 ಲೀಟರ್ ಮದ್ಯ, 18 ಲೀಟರ್ ಬಿಯರ್ ಅಂತ ಮಿತಿ ಇತ್ತು. ಬೆಂಗಳೂರಿನದ್ದೇ ಒಂದು ಬಿಲ್, 52,841 ರೂಪಾಯಿಯದ್ದು, ವಾಟ್ಸಾಪಿನಲ್ಲಿ ಹರಿದಾಡಿತು. ಎಂಟು ಜನ ಸೇರಿ ಕೊಂಡಿದ್ದು, ಕಾರ್ಡ್ ಮಾತ್ರ ಒಂದು ಅಂತ ಅಂಗಡಿಯವರು ಹೇಳಿದರು. ಕೇಸೂ ಆಯಿತು. ಮಿತಿ ಇರುವುದು ಆಳಿಗೋ ಬಿಲ್ಲಿಗೋ, ಅದನ್ನು ಕೌಂಟರಿನಲ್ಲಿ ನಿಂತ ಹುಡುಗ ಹೇಗೆ ನೋಡಿಕೊಳ್ಳಬೇಕು ಅನ್ನೋದನ್ನು ಅಂಗಡಿ ತೆಗೆಯುವ ಮೊದಲೇ ಬಿಡಿಸಿ ಹೇಳಬೇಕಿತ್ತು. ಆ ಗಲಾಟೆಯ ಬೆನ್ನಲ್ಲೇ ಅಬಕಾರಿ ಸುಂಕವೂ ಏರಿತು. ಬಜೆಟ್ಟಿನಲ್ಲಿ ಏರಿಸಿದ್ದ ಶೇ 6ರ ಜೊತೆ ಇನ್ನೂ ಶೇ 11 ಸೇರಿ, ಒಟ್ಟು ಶೇ 17.

ಅಂದರೆ ಬಾಟಲಿಗೆ ದಾರಿ ಬೇಗ ಸಿಕ್ಕಿತು, ಮೇಜಿಗೆ ಸಿಗಲಿಲ್ಲ. ಖಜಾನೆಗೆ ಸುಂಕ ಬರುವುದು ಬಾಟಲಿಯಿಂದ. ಅದು ಅಂಗಡಿಯಲ್ಲಿ ಮಾರಾಟವಾದರೂ ಅಷ್ಟೇ, ಬಾರಿನಲ್ಲಿ ಮಾರಾಟವಾದರೂ ಅಷ್ಟೇ. 2020-21ಕ್ಕೆ ಅಬಕಾರಿಗೆ ಇಟ್ಟ ಗುರಿ 22,700 ಕೋಟಿ ರೂಪಾಯಿ. ಅಷ್ಟೊಂದು ತಿಂಗಳು ಬಾರ್‌ಗಳು ಮುಚ್ಚಿದ್ದರೂ ವರ್ಷದ ಕೊನೆಗೆ ಆ ಗುರಿ ದಾಟಿತ್ತು. ಸುಂಕದ ಲೆಕ್ಕದಲ್ಲಿ ಬಾರಿನ ಬಾಗಿಲು ಮುಚ್ಚಿದ್ದು ಕಾಣಿಸುವುದೇ ಇಲ್ಲ. ಆದರೆ ಪ್ರವಾಸಿ ಬರುವುದು ಬಾಟಲಿಗಲ್ಲ. ಆ ಮೇಜಿನ ಸುತ್ತ ಅಡುಗೆ ಭಟ್ಟರು, ಸಪ್ಲೈಯರ್, ಪಾತ್ರೆ ತೊಳೆಯುವವರು, ಹಾಡುವವರು, ಗಿರಾಕಿಯನ್ನು ಕರೆತರುವ ಕ್ಯಾಬ್ ಡ್ರೈವರ್, ಎಲ್ಲರೂ ಇರುತ್ತಾರೆ.

ಮೇ 9ರಿಂದ ಬಾರ್, ಕ್ಲಬ್, ಲಾಡ್ಜ್‌ಗಳಿಗೂ ಉಳಿದ ಸರಕನ್ನು ಎಂಆರ್‌ಪಿ ದರಕ್ಕೆ ಪಾರ್ಸಲ್ ಕೊಟ್ಟು ಖಾಲಿ ಮಾಡಲು ಅವಕಾಶ ಕೊಟ್ಟರು. ಒಳ್ಳೆಯದೇ. ಬಾರಿನವರು ಮದ್ಯವನ್ನು ಸಗಟಾಗಿ ಮಾರುವ ಸರ್ಕಾರದ ಪಾನೀಯ ನಿಗಮಕ್ಕೆ ಮೊದಲು ದುಡ್ಡು ಕಟ್ಟಿ ಸರಕು ತರುತ್ತಾರೆ. ಕಟ್ಟಿದ ದುಡ್ಡು ಕಪಾಟಿನಲ್ಲಿ ಕೂತಿತ್ತು, ಸ್ವಲ್ಪ ಹೊರಗೆ ಬಂತು.

ಮೈಕ್ರೋಬ್ರೂವರಿ, ಅಂದರೆ ತಮ್ಮಲ್ಲೇ ಬಿಯರ್ ಮಾಡಿ ಅಲ್ಲೇ ಬಡಿಸುವವರ ಪಾಡು ಬೇರೆ. ಇಂದಿರಾನಗರ, ಕೋರಮಂಗಲ, ವೈಟ್‌ಫೀಲ್ಡ್ ಕಡೆ ಹೋದರೆ ಗಾಜಿನ ಹಿಂದೆ ದೊಡ್ಡ ಸ್ಟೀಲ್ ಟ್ಯಾಂಕುಗಳು ಕಾಣುತ್ತವೆ. ಹೊರಗಿನಿಂದ ಬಂದವರು ಬೆಂಗಳೂರಿನಲ್ಲಿ ಕೇಳಿಕೊಂಡು ಹೋಗುವ ಜಾಗಗಳಲ್ಲಿ ಇವೂ ಸೇರಿವೆ. ಅಲ್ಲಿ ಮಾಡಿದ ಬಿಯರ್ ಬಾಟಲಿ ಬಿಯರಿನ ಹಾಗೆ ತಿಂಗಳುಗಟ್ಟಲೆ ಇರುವುದಿಲ್ಲ. ಅದನ್ನು ಕಾಯಿಸಿ ಕೆಡದ ಹಾಗೆ ಮಾಡಿರುವುದಿಲ್ಲ. ತಣ್ಣಗಿಟ್ಟರೆ ಕೆಲವು ವಾರ, ಅಷ್ಟೇ. ಮಾರ್ಚ್‌ನಲ್ಲಿ ಬಾಗಿಲು ಮುಚ್ಚಿದಾಗ ಟ್ಯಾಂಕುಗಳು ತುಂಬಿದ್ದವು. ಒಂದು ವಾರ ಅಂದಿದ್ದರಲ್ಲ, ಹಾಗಾಗಿ ಯಾರೂ ಚೆಲ್ಲಲಿಲ್ಲ. ಚಿಲ್ಲರ್ ಓಡಿಸುತ್ತಲೇ ಇದ್ದರು. ಗಿರಾಕಿ ಇಲ್ಲ, ದೀಪ ಇಲ್ಲ, ಆದರೆ ಮೀಟರ್ ತಿರುಗುತ್ತಿತ್ತು. ಒಬ್ಬರ ಏಪ್ರಿಲ್ ತಿಂಗಳ ಕರೆಂಟ್ ಬಿಲ್ ನೋಡಿ ನಾನೇ ಫೋನ್ ಮಾಡಿ ಕೇಳಿದೆ, ಯಾಕೆ ಇಷ್ಟು ಅಂತ. ‘ಸಾರ್, ನಾಳೆ ತೆಗೆಯಿರಿ ಅಂದರೆ ಏನು ಮಾಡಲಿ’ ಅಂದರು. ಕಡೆಗೆ ಪಾರ್ಸಲ್‌ಗೆ ಅನುಮತಿ ಬರುವ ಹೊತ್ತಿಗೆ ಅವರ ಟ್ಯಾಂಕಿನಲ್ಲಿದ್ದದ್ದು ಕುಡಿಯುವ ಸ್ಥಿತಿಯಲ್ಲಿ ಇರಲಿಲ್ಲ. ಮೋರಿಗೆ ಬಿಟ್ಟರು. ಎರಡು ತಿಂಗಳು ಅಂತ ಮೊದಲ ದಿನವೇ ಯಾರಾದರೂ ಹೇಳಿದ್ದರೆ ಅವರು ಅವತ್ತೇ ಚೆಲ್ಲಿ, ಚಿಲ್ಲರ್ ಆರಿಸಿ, ಆ ದುಡ್ಡಿನಲ್ಲಿ ಹುಡುಗರಿಗೆ ಸಂಬಳ ಕೊಡುತ್ತಿದ್ದರು.

ಜೂನ್ 8ಕ್ಕೆ ಹೋಟೆಲ್, ರೆಸ್ಟೋರೆಂಟ್ ತೆರೆದವು. ಊಟ ಕೊಡಬಹುದು, ಮದ್ಯ ಕೊಡುವಂತಿಲ್ಲ. ಇಡ್ಲಿ ದೋಸೆ ಹೋಟೆಲಿಗೆ ಇದರಿಂದ ತೊಂದರೆ ಇಲ್ಲ. ಬಾರ್ ಅಂಡ್ ರೆಸ್ಟೋರೆಂಟಿನ ಲೆಕ್ಕವೇ ಬೇರೆ. ಅಲ್ಲಿ ಬಾಡಿಗೆ ನಿಗದಿಯಾಗುವುದೇ ಮದ್ಯದ ವ್ಯಾಪಾರ ನೋಡಿ. ಊಟದಲ್ಲಿ ಉಳಿಯುವುದು ಕಮ್ಮಿ, ಸಂಬಳ ಮತ್ತು ಬಾಡಿಗೆ ಎದ್ದೇಳುವುದು ಬಾರಿನಿಂದ. ಬರೀ ಊಟಕ್ಕೆ ಬಾಗಿಲು ತೆಗೆದರೆ ಗ್ಯಾಸ್, ಕರೆಂಟ್, ಕೆಲಸದವರ ಖರ್ಚು ಪೂರ್ತಿ ಶುರು. ತೆಗೆಯದಿದ್ದರೆ ಮನೆ ಮಾಲೀಕರು ಕೇಳುತ್ತಾರೆ, ಸರ್ಕಾರ ತೆಗೆಯಿರಿ ಅಂದಿದೆಯಲ್ಲ, ಬಾಡಿಗೆ ಕೊಡಿ ಅಂತ. ಜುಲೈ 1ಕ್ಕೆ ಅಬಕಾರಿ ವರ್ಷ ಶುರು. ಬಾರಿನಲ್ಲಿ ಒಂದು ಲೋಟ ಬಡಿಸಲೂ ಅನುಮತಿ ಇಲ್ಲದ ಹೊತ್ತಿನಲ್ಲೇ ಲೈಸೆನ್ಸ್ ನವೀಕರಣದ ಕಾಲವೂ ಬಂತು. ಅದೇ ಜುಲೈ 14ರ ರಾತ್ರಿಯಿಂದ 22ರವರೆಗೆ ಬೆಂಗಳೂರು ಮತ್ತೆ ಲಾಕ್‌ಡೌನ್.

2021ರ ಏಪ್ರಿಲ್, ಮೇ ಬಗ್ಗೆ ನಾನು ಹೆಚ್ಚು ಮಾತಾಡುವುದಿಲ್ಲ. ಆಮ್ಲಜನಕಕ್ಕೆ, ಹಾಸಿಗೆಗೆ ಜನ ಅಲೆದ ದಿನಗಳು. ಇಲ್ಲಿ ಕೂತವರಲ್ಲೂ ಮನೆಯವರನ್ನು ಕಳೆದುಕೊಂಡವರು ಇದ್ದಾರೆ. ಆಗ ವ್ಯಾಪಾರದ ಮಾತೇ ಇರಲಿಲ್ಲ.

ಆದರೆ ಆಮೇಲೆ ತೆರೆದ ರೀತಿಯಲ್ಲಿ ಒಂದು ಒಳ್ಳೆಯದೂ ಒಂದು ಕೆಟ್ಟದ್ದೂ ಇದೆ. ಜೂನ್ 21ಕ್ಕೆ ಸಡಿಲಿಕೆ ಕೊಟ್ಟಾಗ ಜಿಲ್ಲೆಗಳನ್ನು ಸೋಂಕಿನ ಪ್ರಮಾಣ, ಅಂದರೆ ಪರೀಕ್ಷೆ ಮಾಡಿದ ನೂರರಲ್ಲಿ ಎಷ್ಟಕ್ಕೆ ಸೋಂಕು ಅನ್ನೋದನ್ನು ನೋಡಿ ವಿಂಗಡಿಸಿದರು. ಶೇ 5ಕ್ಕಿಂತ ಕಮ್ಮಿ ಇದ್ದ ಜಿಲ್ಲೆಗಳಿಗೆ ಹೆಚ್ಚು ಸಡಿಲ. ಬೆಂಗಳೂರು ನಗರ ಅದರಲ್ಲಿತ್ತು. ಮೈಸೂರಿನಲ್ಲಿ ಪ್ರಮಾಣ ಶೇ 10 ದಾಟಿತ್ತು, ಅಲ್ಲಿ ಬಿಗಿ ಮುಂದುವರಿಯಿತು. ನನ್ನ ಪರಿಚಯದ ಟ್ರಾವೆಲ್ಸ್‌ನವರು ಇದನ್ನು ನೋಡಿ ಲೆಕ್ಕ ಹಾಕಲು ಶುರು ಮಾಡಿದರು. ಪೇಪರಿನಲ್ಲಿ ದಿನಾ ಜಿಲ್ಲಾವಾರು ಅಂಕಿ ಬರುತ್ತಿತ್ತು. ಮೈಸೂರಿನ ಅಂಕಿ ಇಳಿಯುವವರೆಗೆ ಟೆಂಪೊ ಟ್ರಾವೆಲರ್ ಬುಕಿಂಗ್ ತೆಗೆದುಕೊಳ್ಳಬೇಡ ಅಂತ ಹುಡುಗನಿಗೆ ಹೇಳಿದರು. ನಿಯಮ ಬಿಗಿಯೇ ಇತ್ತು. ಆದರೆ ಏನಾದರೆ ಏನಾಗುತ್ತದೆ ಅನ್ನೋದು ಗೊತ್ತಿತ್ತು, ಅದರಿಂದ ಅವರು ಒಬ್ಬರ ಅಡ್ವಾನ್ಸೂ ಕಳೆಯಲಿಲ್ಲ. ಈ ಒಂದು ಕೆಲಸಕ್ಕಾಗಿ ಆ ಆದೇಶ ಬರೆದವರನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಕೆಟ್ಟದ್ದು ಮತ್ತೆ ಮದ್ಯದ್ದೇ. ಆ ಜೂನ್‌ನಲ್ಲಿ ರೆಸ್ಟೋರೆಂಟ್ ಸಂಜೆ 5ರವರೆಗೆ ಅರ್ಧ ಸೀಟಿಗೆ ತೆಗೆಯಬಹುದು, ಮದ್ಯ ಇಲ್ಲ ಅಂದರು. ಜುಲೈ 5ಕ್ಕೆ ಬಾರ್ ತೆಗೆಯಬಹುದು, ಪಬ್ ತೆಗೆಯುವಂತಿಲ್ಲ ಅಂದರು. ಅಬಕಾರಿ ಲೈಸೆನ್ಸುಗಳು ನಿಮಗೆಲ್ಲ ಗೊತ್ತು. ಸಿಎಲ್-2 ವೈನ್ ಶಾಪ್, ಸಿಎಲ್-4 ಕ್ಲಬ್, ಸಿಎಲ್-7 ರೂಮುಗಳಿರುವ ಹೋಟೆಲ್, ಸಿಎಲ್-9 ಬಾರ್ ಅಂಡ್ ರೆಸ್ಟೋರೆಂಟ್. ಬೋರ್ಡಿನ ಮೇಲೆ ಪಬ್ ಅಂತ ಬರೆದುಕೊಂಡ ಎಷ್ಟೋ ಜಾಗ ನಡೆಯುವುದು ಸಿಎಲ್-9 ಅಥವಾ ಸಿಎಲ್-7ರಲ್ಲೇ. ಹಾಗಾದರೆ ಅದು ಬಾರೋ ಪಬ್ಬೋ? ಚರ್ಚ್ ಸ್ಟ್ರೀಟಿನಲ್ಲಿ ಅಕ್ಕಪಕ್ಕದ ಎರಡು ಬಾಗಿಲು, ಲೈಸೆನ್ಸ್ ಒಂದೇ ಬಗೆಯದು, ಒಂದು ತೆಗೆದಿದೆ, ಇನ್ನೊಂದು ಮುಚ್ಚಿದೆ. ಮುಚ್ಚಿದವರು ಹೆದರಿ ಮುಚ್ಚಿದವರು. ತೆಗೆದವರು, ಬಂದು ಕೇಳಿದರೆ ಲೈಸೆನ್ಸ್ ತೋರಿಸೋಣ ಅಂತ ಧೈರ್ಯ ಮಾಡಿದವರು. ಆದೇಶದಲ್ಲಿ ಲೈಸೆನ್ಸ್ ಸಂಖ್ಯೆ ಒಂದು ಬರೆದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಪಬ್‌ಗಳು ಅಕ್ಟೋಬರ್‌ವರೆಗೆ ಕಾಯಬೇಕಾಯಿತು.

ಇಂಥ ಗೊಂದಲ ಹುಟ್ಟುವುದು ಎಲ್ಲಿ? ಒಂದು ಬಾರಿನ ಮೇಲೆ ಕೊರೊನಾ ಕಾಲದಲ್ಲಿ ನಾಲ್ಕು ಕಡೆಯ ಅಧಿಕಾರ ಇತ್ತು. ವಿಪತ್ತು ನಿರ್ವಹಣಾ ಕಾಯ್ದೆಯಡಿ ಮುಖ್ಯ ಕಾರ್ಯದರ್ಶಿಗಳ ಆದೇಶ. ಮದ್ಯಕ್ಕೆ ಅಬಕಾರಿ ಇಲಾಖೆ. ನಿಷೇಧಾಜ್ಞೆ, ರಾತ್ರಿ ಸಮಯಕ್ಕೆ ಪೊಲೀಸ್ ಕಮಿಷನರ್. ಆರೋಗ್ಯ, ಟ್ರೇಡ್ ಲೈಸೆನ್ಸಿಗೆ ಬಿಬಿಎಂಪಿ. ಒಬ್ಬರು ತೆಗೆಯಿರಿ ಅಂದರೆ ಇನ್ನೊಬ್ಬರ ಸುತ್ತೋಲೆ ಬರುವವರೆಗೆ ತೆಗೆಯಲು ಭಯ. ಬೀಟ್ ಪೊಲೀಸರ ಕೈಯಲ್ಲಿ ಹಳೆಯ ಆದೇಶ, ಮಾಲೀಕರ ಫೋನಿನಲ್ಲಿ ಹೊಸ ಆದೇಶದ ಪಿಡಿಎಫ್. ರಾತ್ರಿ ಒಂಬತ್ತಕ್ಕೆ ಬಾಗಿಲಲ್ಲಿ ನಿಂತು ಅದನ್ನು ಓದಿ ಹೇಳುವ ಪಾಳಿ ಬರುವುದು ಮ್ಯಾನೇಜರ್‌ಗೆ. ಆ ಪೊಲೀಸರನ್ನೂ ನಾನು ದೂರುವುದಿಲ್ಲ. ಅವರಿಗೂ ಯಾರೂ ಸರಿಯಾಗಿ ಹೇಳಿರಲಿಲ್ಲ.

ಇದು ಕೊರೊನಾ ತಂದ ಕಾಯಿಲೆ ಅಂದುಕೊಳ್ಳಬೇಡಿ. 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳ 500 ಮೀಟರ್ ಒಳಗೆ ಮದ್ಯ ಮಾರುವಂತಿಲ್ಲ ಅಂದಿತು. ಕುಡಿದು ಗಾಡಿ ಓಡಿಸಿ ಸಾಯುವವರನ್ನು ತಡೆಯಬೇಕು ಅನ್ನೋದು ಉದ್ದೇಶ. ಸರಿಯಾದ ಉದ್ದೇಶವೇ. ಬಾರ್, ಹೋಟೆಲುಗಳಿಗೂ ಇದು ಅನ್ವಯ ಅನ್ನೋದು 2017ರ ಮಾರ್ಚ್ 31ಕ್ಕೆ ಸ್ಪಷ್ಟವಾಯಿತು. ನಮ್ಮಲ್ಲಿ ಜುಲೈ 1ಕ್ಕೆ ಲೈಸೆನ್ಸ್ ನವೀಕರಣ. ಊರ ನಡುವಿನ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ, ಇಂದಿರಾನಗರದ ಸುತ್ತಮುತ್ತ ಬಾಗಿಲುಗಳು ಮುಚ್ಚಿದವು, ಯಾಕೆಂದರೆ ಊರೊಳಗಿನ ಕೆಲವು ರಸ್ತೆಗಳು ಕಾಗದದ ಮೇಲೆ ಹೆದ್ದಾರಿ. ಹತ್ತೇ ದಿನದಲ್ಲಿ, ಜುಲೈ 11ಕ್ಕೆ, ಚಂಡೀಗಢದ ಪ್ರಕರಣದಲ್ಲಿ ನಗರ ವ್ಯಾಪ್ತಿಗೆ ಇದು ಅಡ್ಡಿಯಲ್ಲ ಅಂತ ಕೋರ್ಟೇ ಹೇಳಿತು. ಆ ಮಾತು ಇಲ್ಲಿನ ಬಾಗಿಲುಗಳವರೆಗೆ ತಲುಪಲು ಇನ್ನೂ ಕೆಲವು ವಾರ ಹಿಡಿಯಿತು. ಅಷ್ಟರಲ್ಲಿ ಅಡುಗೆಯವರು, ಸಪ್ಲೈಯರ್‌ಗಳು ಬೇರೆ ಕಡೆ ಹೋಗಿಯಾಗಿತ್ತು.

ಎಷ್ಟು ವಯಸ್ಸಿನವರಿಗೆ ಮದ್ಯ ಕೊಡಬಹುದು ಅನ್ನೋ ವಿಷಯವೂ ಹೀಗೇ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಹೇಳುವುದು 18. 1967ರ ನಿಯಮ ಹೇಳುವುದು 21. 2023ರ ಜನವರಿಯಲ್ಲಿ ನಿಯಮವನ್ನೂ 18ಕ್ಕೆ ಇಳಿಸುವ ಕರಡು ಬಂತು, ವಿರೋಧ ಬಂದ ಮೇಲೆ ಕೆಲವೇ ದಿನದಲ್ಲಿ ವಾಪಸ್ ಹೋಯಿತು. 21 ಇರಲಿ ಅನ್ನುವವನು ನಾನು. ಹಾಗಿದ್ದರೆ ಕಾಯ್ದೆಯಲ್ಲೂ 21 ಅಂತ ಬರೆಯಲಿ. ಹೊರ ರಾಜ್ಯದಿಂದ ಬಂದ ಹತ್ತೊಂಬತ್ತರ ಹುಡುಗನಿಗೆ ಇಲ್ಲ ಅನ್ನಬೇಕಾದ ಸಪ್ಲೈಯರ್‌ಗೆ ಬೆನ್ನಿಗೆ ಒಂದು ಗಟ್ಟಿ ಮಾತು ಬೇಕು.

ಬಾರ್ ಇಲ್ಲದವರೂ ಇಲ್ಲಿ ಬಹಳ ಜನ ಇದ್ದೀರಿ. ಗೊಂದಲದ ಪಾಲು ನಿಮಗೂ ಬಂದಿದೆ. 2021ರಲ್ಲಿ ನಂದಿಬೆಟ್ಟದಲ್ಲಿ ಜನ ಕಿಕ್ಕಿರಿದ ಮೇಲೆ ವಾರಾಂತ್ಯಕ್ಕೆ ಪ್ರವಾಸಿಗರನ್ನು ನಿಲ್ಲಿಸಿದರು. ಆಗಸ್ಟ್ ಕೊನೆಗೆ ಗುಡ್ಡ ಕುಸಿದು ರಸ್ತೆಯೇ ಹೋಯಿತು. ಅದೇ ಆಗಸ್ಟ್‌ನಲ್ಲಿ ಗಡಿ ಜಿಲ್ಲೆಗಳಿಗೆ ವಾರಾಂತ್ಯ ಕರ್ಫ್ಯೂ, ಅದರಲ್ಲಿ ಕೊಡಗೂ ಸೇರಿತು. ಕೊಡಗಿಗೆ ಬೆಂಗಳೂರಿನವರು ಹೋಗುವುದೇ ಶನಿವಾರ, ಭಾನುವಾರ. ಹೋಮ್‌ಸ್ಟೇಗೆ ಸೋಮವಾರದಿಂದ ಶುಕ್ರವಾರ ಮಾತ್ರ ಬನ್ನಿ ಅಂದರೆ ಯಾರು ಬರುತ್ತಾರೆ? ಆದರೂ ಕರ್ಫ್ಯೂ ಬೇಡ ಅನ್ನುವಂತಿರಲಿಲ್ಲ, ಕೇರಳದಲ್ಲಿ ಸೋಂಕು ಏರುತ್ತಿತ್ತು. ಎಷ್ಟು ವಾರ ಅಂತ ಒಂದು ಅಂದಾಜು ಸಿಕ್ಕಿದ್ದರೂ ಹೋಮ್‌ಸ್ಟೇಯವರು ಕೆಲಸದವರನ್ನು ತೋಟದ ಕೆಲಸಕ್ಕೆ ಕಳಿಸುತ್ತಿದ್ದರು, ಡ್ರೈವರ್ ಗಾಡಿಯನ್ನು ಬೇರೆ ಬಾಡಿಗೆಗೆ ಹಚ್ಚುತ್ತಿದ್ದ. ಆಟೊ, ಟ್ಯಾಕ್ಸಿ ಡ್ರೈವರ್‌ಗಳಿಗೆ ಸರ್ಕಾರ 2020ರಲ್ಲಿ 5,000, 2021ರಲ್ಲಿ 3,000 ರೂಪಾಯಿ ಕೊಟ್ಟಿತು. ಹೋಟೆಲುಗಳಿಗೆ 2021ರಲ್ಲಿ ಆಸ್ತಿ ತೆರಿಗೆಯಲ್ಲಿ ಅರ್ಧ ಬಿಟ್ಟಿತು. ಸಹಾಯವೇ, ಇಲ್ಲ ಅನ್ನುವುದಿಲ್ಲ. ಆದರೆ ಬಾಡಿಗೆ ಕಟ್ಟಡದಲ್ಲಿ ನಡೆಸುವವನಿಗೆ ಆಸ್ತಿ ತೆರಿಗೆ ರಿಯಾಯಿತಿ ಎಲ್ಲಿ ಮುಟ್ಟಿತು? ಅದು ಹೋಗಿದ್ದು ಕಟ್ಟಡದ ಮಾಲೀಕರಿಗೆ.

ನಾವು ಕೇಳಬೇಕಾದದ್ದು ದೊಡ್ಡದೇನಲ್ಲ. ಮುಚ್ಚುವುದು ತುರ್ತಾದರೆ ತಕ್ಷಣ ಮುಚ್ಚಿಸಲಿ. ತೆರೆಯುವುದಕ್ಕೆ, ಸಮಯ ಬದಲಿಸುವುದಕ್ಕೆ ಮೂರು ದಿನದ ಮುನ್ಸೂಚನೆ ಕೊಡಲಿ. ಆದೇಶದಲ್ಲಿ ಬೋರ್ಡಿನ ಹೆಸರು ಬೇಡ, ಲೈಸೆನ್ಸ್ ಸಂಖ್ಯೆ ಬರೆಯಲಿ. ನಾಲ್ಕು ಇಲಾಖೆಯೂ ಒಂದೇ ಕಾಗದಕ್ಕೆ ಸಹಿ ಹಾಕಲಿ. ಸರ್ಕಾರವೇ ಮುಚ್ಚಿಸಿದ ದಿನಗಳ ಲೈಸೆನ್ಸ್ ಶುಲ್ಕವನ್ನು ಮುಂದಿನ ವರ್ಷಕ್ಕೆ ಜಮಾ ಮಾಡಲಿ. ಇವುಗಳಲ್ಲಿ ಒಂದನ್ನೇ ಆರಿಸಿ ಅಂದರೆ ನಾನು ಮುನ್ಸೂಚನೆಯನ್ನು ಆರಿಸುತ್ತೇನೆ. ಅದಕ್ಕೆ ಖಜಾನೆಯಿಂದ ಒಂದು ಪೈಸೆ ಬೇಡ.

ಕೊನೆಯಲ್ಲಿ ಕೆಲವರು ಪ್ರಶ್ನೆ ಕೇಳಿದರು. ಸಕಲೇಶಪುರದ ಕಡೆ ಹೋಮ್‌ಸ್ಟೇ ನಡೆಸುವ ಒಬ್ಬ ಅಕ್ಕ ಕೇಳಿದ್ದು: ‘ಮನೆಯಲ್ಲೇ ಮಾಡಿದ ವೈನ್ ಗೆಸ್ಟ್‌ಗಳಿಗೆ ಕೊಡಬಹುದಾ? ಎಲ್ಲರೂ ಕೊಡ್ತಾರಲ್ಲ.’ ಅಕ್ಕ, ಲೈಸೆನ್ಸ್ ಇಲ್ಲದೆ ಮದ್ಯ ಮಾರುವಂತಿಲ್ಲ. ಅದು ಸ್ಪಷ್ಟ. ಊಟದ ಬಿಲ್ಲಿನಲ್ಲಿ ಸೇರಿಸಿದರೂ ಅದು ಮಾರಾಟವೇ. ಎಲ್ಲರೂ ಕೊಡ್ತಾರೆ ಅನ್ನೋದು ಕೇಸ್ ಆದ ದಿನ ಉಪಯೋಗಕ್ಕೆ ಬರುವುದಿಲ್ಲ. ಸಂದೇಹ ಇದ್ದರೆ ನಿಮ್ಮ ತಾಲ್ಲೂಕಿನ ಅಬಕಾರಿ ಕಚೇರಿಗೆ ಬರಹದಲ್ಲಿ ಕೇಳಿ, ಬರಹದಲ್ಲೇ ಉತ್ತರ ಪಡೆದು ಫೈಲಿನಲ್ಲಿ ಇಟ್ಟುಕೊಳ್ಳಿ.

ಟ್ರಾವೆಲ್ಸ್‌ನವರೊಬ್ಬರು ಕೇಳಿದರು: ‘ಮತ್ತೆ ಇಂಥ ಕಾಲ ಬಂದರೆ ಅಡ್ವಾನ್ಸ್ ಜಗಳ ಹೇಗೆ ತಪ್ಪಿಸೋದು?’ ಇದಕ್ಕೆ ಸರ್ಕಾರವನ್ನು ಕಾಯಬೇಕಿಲ್ಲ. ನಾಳೆಯೇ ನಿಮ್ಮ ಬುಕಿಂಗ್ ರಸೀದಿಯಲ್ಲಿ ಎರಡು ಸಾಲು ಅಚ್ಚು ಮಾಡಿಸಿ. ಸರ್ಕಾರಿ ಆದೇಶದಿಂದ ಪ್ರವಾಸ ನಿಂತರೆ ದುಡ್ಡು ಇಷ್ಟು ದಿನದೊಳಗೆ ವಾಪಸ್, ಅಥವಾ ಗಿರಾಕಿ ಒಪ್ಪಿದರೆ ಒಂದು ವರ್ಷದೊಳಗೆ ಬೇರೆ ದಿನಕ್ಕೆ ಬದಲಾವಣೆ. ರೂಮ್, ಗಾಡಿ, ಊಟ ಇವಕ್ಕೆ ಕೊಟ್ಟ ಅಡ್ವಾನ್ಸ್ ಬೇರೆ ಬೇರೆಯಾಗಿ ಬರೆಯಿರಿ, ಒಟ್ಟು ಮೊತ್ತ ಮಾತ್ರ ಬರೆಯಬೇಡಿ. ಆ ರಸೀದಿಯ ಮಾದರಿ ನನ್ನ ಹತ್ತಿರ ಕನ್ನಡದಲ್ಲೇ ಇದೆ. ಬೇಕಾದವರು ಹೋಗುವ ಮುಂಚೆ ನಂಬರ್ ಕೊಡಿ, ಇವತ್ತು ರಾತ್ರಿಯೇ ವಾಟ್ಸಾಪ್ ಮಾಡುತ್ತೇನೆ.